ಒಂದು ದಿನದ ಅಹಿಂಸೆ

ಶ್ರಾವಣ ಶುದ್ಧ ಪಂಚಮಿಯಂದು ನಮ್ಮ ಕಡೆಯ ಮನೆಗಳಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ. ಹೊಲದಲ್ಲಿ ನೇಗಿಲು ಹೂಡುವುದಿಲ್ಲ. ನಾಗನಿಗೆ ನೋವಾಗಬಾರದೆಂಬುದೇ ಇದರ ಆಶಯ. ಅಂದಿನ ಸಿಹಿ ಚಿಗಳಿ. ಹಸಿ ಎಳ್ಳನ್ನೂ ಬೆಲ್ಲವನ್ನೂ ಒರಳಿನಲ್ಲಿ ಕುಟ್ಟಿದರೆ ಎಳ್ಳಿನೊಳಗಿನ ಎಣ್ಣೆಯೇ ಒಸರಿ ಉಂಡೆ ಕಟ್ಟಲು ಬರುತ್ತದೆ. ಬೆಂಕಿ ಬೇಕಿಲ್ಲ, ಪಾಕ ಬೇಕಿಲ್ಲ.

ಆದರೆ ಮರುದಿನ ಹಿತ್ತಿಲಲ್ಲಿ ಕೇರೆಹಾವು ಸುಳಿದರೆ ನಾವೇ ಬಡಿಗೆ ಎತ್ತುತ್ತೇವೆ. ಆ ಹಾವಿಗೆ ವಿಷವಿಲ್ಲ; ನಮ್ಮ ಕಾಳನ್ನು ತಿನ್ನುವ ಇಲಿಗಳೇ ಅದರ ಆಹಾರ. ಹಾಗಾದರೆ ಪಂಚಮಿಯ ನೇಮ ಬರಿಯ ತೋರಿಕೆಯೇ? ಹಾಗೆನ್ನಲು ನಾವು ಸಿದ್ಧರಿಲ್ಲ. ಯಾರನ್ನೂ ನೋಯಿಸದೆ ಹಬ್ಬದ ಸಿಹಿ ಉಣ್ಣಬಹುದೆಂಬುದನ್ನು ಆ ದಿನ ನಾವು ಕಂಡಿದ್ದೇವೆ. ಒಮ್ಮೆ ಕಂಡುದನ್ನು ಮರುದಿನ ಕಾಣದವರಂತೆ ನಡೆಯುವುದೇ ತಪ್ಪು. ಚಿಗಳಿ ಕಟ್ಟಿದ ಕೈ ಬಡಿಗೆಯನ್ನು ಕೆಳಗಿಡಲಿ.