ಮುಚ್ಚಿದ ಕಿಟಕಿ

ಸೆಪ್ಟೆಂಬರ್ 3, ಕೈಲ್‌ಪೊಳ್ದ್. ಕೊಡಗಿನಲ್ಲಿದ್ದರೆ ಗದ್ದೆಯ ನಾಟಿ ಮುಗಿಸಿ, ಕೋವಿ-ಕತ್ತಿಗಳಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಿದ್ದೆವು. ಮೈಸೂರಿನ ಈ ಬಾಡಿಗೆ ಮನೆಯಲ್ಲಿ ನಮಗೆ ಉಳಿದಿರುವ ಹಬ್ಬವೆಂದರೆ ಪಂದಿಕರಿ, ಕಡಂಬುಟ್ಟು.

ಮಗಳು ಬೇಯಿಸಿದ ಅಕ್ಕಿತರಿಯನ್ನು ಉಂಡೆ ಕಟ್ಟುತ್ತಿದ್ದಳು. ಮಗ ಬೆಳ್ಳುಳ್ಳಿ ಸುಲಿಯುತ್ತಿದ್ದ. ಕೊತ್ತಂಬರಿ, ಜೀರಿಗೆ, ಕರಿಮೆಣಸನ್ನು ಕಪ್ಪಗೆ ಹುರಿದಿಟ್ಟು, ಹಂದಿಮಾಂಸವನ್ನು ಒಲೆಗೇರಿಸುವ ಮೊದಲು ನಾನು ಎದ್ದು ಕಿಟಕಿ ಮುಚ್ಚಿದೆ. ಪಕ್ಕದ ಮನೆಯವರು ಮಾಂಸ ತಿನ್ನುವವರಲ್ಲ. "ಯಾರಾದರೂ ಕೇಳಿದರೆ ಕೋಳಿ ಅನ್ನಿ" ಎಂದೂ ಸೇರಿಸಿದೆ.

"ಯಾಕವ್ವ, ನಾವು ತಪ್ಪು ಮಾಡ್ತಿದ್ದೀವಾ?" ಎಂದಳು ಮಗಳು.

ಸೌಟು ಕೈಯಲ್ಲೇ ನಿಂತಿತು. ಕಿಟಕಿ ಮುಚ್ಚಿದ್ದು ನೆರೆಯವರ ಮೇಲಿನ ಗೌರವದಿಂದ. ಸುಳ್ಳು ಹೇಳಿಕೊಟ್ಟದ್ದು ನನ್ನ ಅಂಜಿಕೆಯಿಂದ. ಎರಡಕ್ಕೂ ಹೊಂದಾಣಿಕೆ ಎಂಬ ಒಂದೇ ಹೆಸರಿಟ್ಟಿದ್ದೆ. ನಾವು ಹೆಂಗಸರು ಈ ಮಾತಿಗೆ ಎಷ್ಟು ಬೇಗ ಒಗ್ಗಿಹೋಗುತ್ತೇವೆ! ನಮ್ಮ ವಾಸನೆ ಇನ್ನೊಬ್ಬರಿಗೆ ಕಷ್ಟವಾಗದಿರಲಿ ಎನ್ನುವುದು ಸರಿ. ಆದರೆ ಅಜ್ಜಿಯ ಕೈಯಡುಗೆಗೆ ನಾಚಬೇಕೆಂದು ಮಕ್ಕಳಿಗೆ ಕಲಿಸುವುದು?

"ತಪ್ಪಲ್ಲ. ಕೇಳಿದರೆ ನಿಜ ಹೇಳಿ" ಎಂದೆ. ಕೊನೆಗೆ ಕಾಚಂಪುಳಿ ಹಾಕಿ ಇಳಿಸಿದೆ. ಕಿಟಕಿ ಮುಚ್ಚಿಯೇ ಇತ್ತು.

ಸಂಜೆ ಗೇಟಿನ ಬಳಿ ಪಕ್ಕದ ಮನೆಯಾಕೆ, "ಇವತ್ತೇನು ವಿಶೇಷ?" ಎಂದರು. ಮಗ ನನ್ನ ಮುಖ ನೋಡಿದ. "ಹಬ್ಬ ಆಂಟಿ, ಪಂದಿಕರಿ" ಎಂದ.

ಆಕೆ ಒಂದು ಕ್ಷಣ ಸುಮ್ಮನಿದ್ದು, "ಓ, ಹಬ್ಬವಾ" ಎಂದು ಒಳಗೆ ಹೋದರು. ಬೇಸರವಾಯಿತೋ ಏನೋ. ನನ್ನ ಎದೆಯಂತೂ ಬೆಳಗ್ಗಿಗಿಂತ ಹಗುರವಾಗಿತ್ತು.