ಹಳೇ ಬೀಡು, ಹೊಸ ಗಾಳಿ

ಹಳೇಬೀಡಿನಲ್ಲಿ ಮರದ ನೆರಳು ನೋಡಿ ಗಾಡಿ ನಿಲ್ಲಿಸಿ ಕೀಲಿ ತಿರುಗಿಸಿದೆ. ಇಂಜಿನ್ ಸುಮ್ಮನಾಯಿತು, ಗಾಡಿ ಸುಮ್ಮನಾಗಲಿಲ್ಲ. ಟಿಕ್. ಟಿಕ್ ಟಿಕ್. ಸ್ವಲ್ಪ ಬಿಟ್ಟು ಮತ್ತೊಂದು ಟಿಕ್. ಅರಸೀಕೆರೆ ಬಿಟ್ಟು ಬಾಣಾವರ, ಜಾವಗಲ್ ದಾಟಿ ಬರುವಷ್ಟರಲ್ಲಿ ಹೊಟ್ಟೆಗೆ ಹಾಕಿಕೊಂಡ ಬಿಸಿಯನ್ನೆಲ್ಲ ಲೋಹ ಎಣಿಸಿ ಎಣಿಸಿ ಗಾಳಿಗೆ ಒಪ್ಪಿಸುತ್ತಿತ್ತು. ಚಿಕ್ಕವನಿದ್ದಾಗ ಅಪ್ಪನ ಇದೇ ಯೆಜ್ಡಿ ಬೈಕಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಈ ಸದ್ದು ಕೇಳುತ್ತಿದ್ದೆ. "ಒಳಗೆ ಯಾರಿದ್ದಾರಪ್ಪಾ?" ಅಂದರೆ, "ಬೆಂಕಿ ಇದೆ ಕಣೋ. ಈಗ ಮಲಗ್ತಾ ಇದೆ, ಎಬ್ಬಿಸಬೇಡ" ಅನ್ನುತ್ತಿದ್ದರು.

ಅದು ಮಗುವನ್ನು ಸುಮ್ಮನಿರಿಸುವ ಮಾತೆಂದುಕೊಂಡಿದ್ದೆ. ನಿಜವೇ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಸಿಲಿಂಡರಿನೊಳಗೆ ಪೆಟ್ರೋಲ್ ಹೊತ್ತಿಕೊಂಡ ಕ್ಷಣದಲ್ಲಿ ಜ್ವಾಲೆಯ ಬಿಸಿ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದಕ್ಕೆ ಎದೆ ಕೊಟ್ಟು ನಿಲ್ಲುವ ಪಿಸ್ಟನ್ ಅಲ್ಯೂಮಿನಿಯಂನದು. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸಾಕು. ಅದೂ ಒಂದು ಸಲದ ಉರಿಯಲ್ಲ. ಟೂ-ಸ್ಟ್ರೋಕ್ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸಲ ಈ ಅಗ್ನಿಪರೀಕ್ಷೆ. ಆದರೂ ಪಿಸ್ಟನ್ ಕರಗುವುದಿಲ್ಲ. ಉರಿ ಕ್ಷಣಿಕ, ಬೆನ್ನಿಗೇ ತಣ್ಣನೆಯ ಹೊಸ ಪೆಟ್ರೋಲ್-ಗಾಳಿ ಒಳಗೆ ನುಗ್ಗುತ್ತದೆ. ಉಳಿದ ಬಿಸಿ ಸಿಲಿಂಡರಿನ ಗೋಡೆ ಹಿಡಿದು ಹೊರಗಿನ ರೆಕ್ಕೆಗಳಿಗೆ ಹರಿಯುತ್ತದೆ. ನೀರಿಲ್ಲ, ಪಂಪಿಲ್ಲ, ರೇಡಿಯೇಟರ್ ಇಲ್ಲ. ಬಾಣಾವರದ ತೆಂಗಿನ ತೋಟದ ಮೇಲಿಂದ ಬೀಸಿ ಬಂದ ಗಾಳಿಯೊಂದೇ ಆ ಬೆಂಕಿಯನ್ನು ಕಾಯುತ್ತಿದೆ. ಓಡುತ್ತಿದ್ದರೆ ತಂಪು, ನಿಂತು ಉರಿದರೆ ಕೇಡು.

ರೆಕ್ಕೆ ಎಂದೆ, ಮೆಕ್ಯಾನಿಕ್‌ಗಳು ಫಿನ್ ಅನ್ನುತ್ತಾರೆ. ಸಿಲಿಂಡರಿನ ಮೈಸುತ್ತ ಒಂದರ ಮೇಲೊಂದು ಅಟ್ಟಿಯಾಗಿ ನಿಂತ ತೆಳು ಪಟ್ಟಿಗಳು. ಲೆಕ್ಕ ಬಲು ಸರಳ. ನುಣ್ಣನೆ ಕೊಳವೆಗಿರುವುದು ಒಂದು ಹಿಡಿ ಚರ್ಮ. ಅದೇ ಕೊಳವೆಯನ್ನು ಒಳಗೆ-ಹೊರಗೆ ಮಡಿಸಿದಂತೆ ಎರಕ ಹೊಯ್ದರೆ ಗಾಳಿಗೆ ತಾಗುವ ಮೈ ಎಷ್ಟೋ ಪಟ್ಟು ಹೆಚ್ಚುತ್ತದೆ. ಒಡಲು ಅಷ್ಟೇ, ಒಡ್ಡಿಕೊಂಡದ್ದು ಬಹಳ.

ತಲೆ ಎತ್ತಿದರೆ ಎದುರಿಗೆ ಹೊಯ್ಸಳೇಶ್ವರ. 1121ರ ಸುಮಾರಿಗೆ ಆರಂಭವಾದ ಈ ಗುಡಿಯ ಗೋಡೆ ನೇರ ನಡೆಯುವುದೇ ಇಲ್ಲ. ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಮತ್ತೊಂದು ಮೂಲೆ. ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಪುರಾಣದ ಕತೆ, ಮಕರ, ಹಂಸ. ಒಂದರ ಮೇಲೊಂದು ಪಟ್ಟಿ, ನಡುವೆ ಗೆರೆಯಂಥ ನೆರಳು. ಇಲ್ಲೂ ಅದೇ ಲೆಕ್ಕ. ಗರ್ಭಗುಡಿ ಪುಟ್ಟದು, ಅದರ ಗೋಡೆಯನ್ನು ನಕ್ಷತ್ರವಾಗಿ ಮಡಿಸಿದ್ದರಿಂದ ಬೆಳಕಿಗೆ ತಾಗುವ ಮೈ ಬೆಳೆದಿದೆ. ಬೆಳಿಗ್ಗೆ ಅರಸೀಕೆರೆಯಲ್ಲಿ ಹೊರಡುವಾಗ ಈಶ್ವರ ದೇವಾಲಯಕ್ಕೆ ಕೈಮುಗಿದು ಬಂದಿದ್ದೆ. 1220ರ ಆ ಗುಡಿಯ ಮುಖಮಂಟಪಕ್ಕೆ ಹದಿನಾರು ಮೂಲೆ. ಶಿಲ್ಪಿಗೆ ಬೇಕಿದ್ದದ್ದು ಕತೆ ಹೇಳಲು ಜಾಗ, ಬಿಸಿಲು-ನೆರಳು ಆಡಲು ಅಂಗಳ. ಎರಕದವನಿಗೆ ಬೇಕಿದ್ದದ್ದು ಬಿಸಿ ಬಿಡಲು ದಾರಿ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಇಬ್ಬರ ಕೈಯೂ ಒಂದೇ ಆಕಾರಕ್ಕೆ ಬಂದು ನಿಂತಿದೆ.

ನಮ್ಮ ಭಾಷೆಯೂ ಇಲ್ಲೊಂದು ಕೀಟಲೆ ಮಾಡಿದೆ. ಬೀಡು ಅಂದರೆ ನೆಲೆ, ರಾಜಧಾನಿ. ಬೀಡು ಅಂದರೆ ಎರಕದ ಕಬ್ಬಿಣವೂ ಹೌದು. ಗುಡಿಯ ಮುಂದೆ ನಿಂತ ಗಾಡಿಯ ಸಿಲಿಂಡರ್ ಸಹ ಹಳೇ ಬೀಡೇ.

ಆ ಬೀಡಿನ ತವರು ಮೈಸೂರು. 1960ರಲ್ಲಿ ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಜಯಚಾಮರಾಜ ಒಡೆಯರ ಬೆಂಬಲವಿತ್ತು, ತಂತ್ರಜ್ಞಾನ ಚೆಕೊಸ್ಲೊವಾಕಿಯಾದ್ದು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ ಹೊಡೆದ ಸನ್ನೆಯನ್ನೇ ಮಡಿಸಿದರೆ ಗೇರು. 1973ರಲ್ಲಿ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು. ಹಾಲಿನ ಕ್ಯಾನು, ಕೊಬ್ಬರಿ ಮೂಟೆ, ಹೆಂಡತಿ ಮಕ್ಕಳು, ಏನು ಹೇರಿದರೂ ಗೊಣಗದೆ ಎಳೆದ ಗಾಡಿ. ಪೆಟ್ರೋಲ್ ಕಡಿಮೆ ಕುಡಿಯುವ ನೂರು ಸಿಸಿ ಗಾಡಿಗಳು ಎಂಬತ್ತರ ದಶಕದಲ್ಲಿ ಬಂದ ಮೇಲೆ ಇದರ ಕಾಲು ಸೋತಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು.

ಗಾಡಿಗಳು ಮಾತ್ರ ನಿಲ್ಲಲಿಲ್ಲ. ಹೋದ ವರ್ಷ ಜಾವಗಲ್ ದಾರಿಯಲ್ಲಿ ನನ್ನ ಇಂಜಿನ್ ಹಿಡಿದುಕೊಂಡುಬಿಟ್ಟಿತು. ಅರಸೀಕೆರೆಯ ಮೇಸ್ತ್ರಿ ಹೆಡ್ ಬಿಚ್ಚಿ, ಸಿಲಿಂಡರಿನೊಳಗೆ ಬೆರಳಾಡಿಸಿ, "ಟೂ-ಟಿ ಆಯಿಲ್ ಕಮ್ಮಿ ಹಾಕಿದೀರ ಸಾ, ಗೆರೆ ಬಿದ್ದದೆ ನೋಡಿ" ಅಂದರು. ಪೆಟ್ರೋಲಿಗೆ ಬೆರೆಸುವ ಎಣ್ಣೆ ಅದು, ತಪ್ಪು ನನ್ನದೇ. ಬೋರ್ ಹೊಡೆಸಿ, ಒಂದು ಅಳತೆ ದೊಡ್ಡ ಪಿಸ್ಟನ್ ಕೂರಿಸಿದರು. ಲೇತ್ ತಿರುಗುವಾಗ ಬೀಡಿನ ಕಪ್ಪು ಪುಡಿ ಕಾಗದದ ಮೇಲೆ ಉದುರುತ್ತಿತ್ತು. ಹೊಯ್ಸಳರ ಗುಡಿಯೊಳಗಿನ ನುಣುಪಾದ ಕಂಬಗಳನ್ನೂ ಹೀಗೇ ತಿರುಗಿಸಿ ಕಡೆದದ್ದು. ಗಣಿಯಿಂದ ತೆಗೆದಾಗ ಮೆದುವಾಗಿರುವ ಅವುಗಳ ಬಳಪದ ಕಲ್ಲು, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ.

ಹಾಗಾದರೆ ಈ ಗಾಳಿಯ ಇಂಜಿನ್ನುಗಳ ಮುಂದಿನ ಗತಿ ಏನು? ಭಾವುಕತೆ ಬದಿಗಿಟ್ಟು ಹೇಳಬೇಕು. ಟೂ-ಸ್ಟ್ರೋಕ್ ಇಂಜಿನ್ ಸುಡದ ಪೆಟ್ರೋಲನ್ನು ಎಣ್ಣೆಯ ಸಮೇತ ಬೀದಿಗೆ ಉಗುಳುತ್ತದೆ. ಆ ನೀಲಿ ಹೊಗೆಯ ಪರವಾಗಿ ನಾನು ವಕಾಲತ್ತು ಹಾಕಲಾರೆ. 2020ರ ಬಿಎಸ್-6 ಮಾಲಿನ್ಯ ನಿಯಮದ ಮುಂದೆ ಅದಕ್ಕೆ ಜಾಗವಿಲ್ಲ. ಫೋರ್-ಸ್ಟ್ರೋಕಿನಲ್ಲಿ ಗಾಳಿಯ ತಂಪು ಇನ್ನೂ ಬದುಕಿದೆ; ರಾಯಲ್ ಎನ್‌ಫೀಲ್ಡ್‌ನ 349 ಸಿಸಿ ಇಂಜಿನ್ ಗಾಳಿ ಮತ್ತು ಎಣ್ಣೆಯನ್ನು ನಂಬಿಯೇ ಆ ನಿಯಮ ದಾಟಿದೆ. ಆದರೆ ಅದೇ ಕಂಪನಿಯ ಹಿಮಾಲಯನ್ 2023ರಲ್ಲಿ ನೀರಿಗೆ ತಿರುಗಿತು. ನೀರು ಬಿಸಿಲು, ಚಳಿ, ಟ್ರಾಫಿಕ್ಕು ನೋಡದೆ ಇಂಜಿನ್ನನ್ನು ಒಂದೇ ಹದದಲ್ಲಿಡುತ್ತದೆ. ಹದ ಒಂದೇ ಇದ್ದರೆ ಹೊಗೆಯ ಲೆಕ್ಕವೂ ಹಿಡಿತಕ್ಕೆ ಸಿಗುತ್ತದೆ.

2018ರಲ್ಲಿ ಮಹೀಂದ್ರ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಜಾವಾವನ್ನು ಮರಳಿ ತಂದಾಗ ಹತ್ತಿರ ಹೋಗಿ ನೋಡಿದ್ದೆ. ಇಂಜಿನ್ ನೀರಿನದು. ಆದರೂ ಮೈಮೇಲೆ ಸಾಲು ಸಾಲು ರೆಕ್ಕೆ! ಮೊದಲು ನಗು ಬಂತು. ಆಮೇಲೆ ಯೋಚಿಸಿದೆ: ಮರದ ಕಾಲದ ತೊಲೆ, ಜಂತೆಗಳ ರೂಪ ಕಲ್ಲಿನ ಗುಡಿಗಳಿಗೂ ಬಂದು ಕೂತಿಲ್ಲವೇ? ಕೆಲಸ ಮುಗಿದ ಆಕಾರ ಅಲಂಕಾರವಾಗಿ ಉಳಿಯುತ್ತದೆ. ಹೆಸರಿಗೂ ಇದೇ ಗತಿ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಆ ಹೆಸರನ್ನು ಯಾರೂ ಕೊಳ್ಳಲಾರರು. ಟ್ಯಾಂಕಿನ ಮೇಲಿನ ಹೆಸರು ಹಾಗಲ್ಲ. ಯೆಜ್ಡಿಯ ಹೆಸರಿನ ಹಕ್ಕು ಯಾರದೆಂಬ ವ್ಯಾಜ್ಯ ಹೈಕೋರ್ಟ್ ಮೆಟ್ಟಿಲೇರಿತು. ಸಣ್ಣ ತಯಾರಕನ ಕಾರ್ಖಾನೆ ಹೋದರೂ ಹೆಸರಿಗೆ ಬೆಲೆ ಉಳಿಯಿತು.

ಮಧ್ಯಾಹ್ನ ಹದಿನಾರು ಕಿಲೋಮೀಟರ್ ದಾಟಿ ಬೇಲೂರು ಸೇರಿದೆ. ಹೊರಗೆ ಬರಿಗಾಲು ಇಡಲಾಗದ ಚಪ್ಪಡಿ. ಚೆನ್ನಕೇಶವನ ನವರಂಗಕ್ಕೆ ಕಾಲಿಟ್ಟರೆ ತಂಪು. ಜಾಲಂಧ್ರಗಳ ತೂತುಗಳಿಂದ ಗಾಳಿ ಸಣ್ಣಗೆ ಸೋಸಿ ಬರುತ್ತಿತ್ತು. ಅಲ್ಲಿ ಕೂತಾಗ ಯೆಜ್ಡಿ ಎಂಬ ಹೆಸರು ನೆನಪಾಯಿತು. ಅದು ಇರಾನಿನ ಯಜ್ದ್ ಎಂಬ ಊರಿನಿಂದ ಬಂದದ್ದು. ಮರುಭೂಮಿಯ ಆ ಊರು ಹೆಸರಾಗಿರುವುದೇ ಗಾಳಿಗೋಪುರಗಳಿಗೆ. ಮನೆಯ ಮೇಲೆ ಎತ್ತರದ ಗೂಡು ಕಟ್ಟಿ, ಮೇಲೆ ಬೀಸುವ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುವ ಉಪಾಯ. ಗಾಳಿಯಿಂದ ತಂಪಾಗುವ ಊರಿನ ಹೆಸರು, ಗಾಳಿಯಿಂದ ತಂಪಾಗುವ ಇಂಜಿನ್ನಿಗೆ! ಹೆಸರಿಟ್ಟವರ ಮನಸ್ಸಿನಲ್ಲಿ ಇದ್ದದ್ದು ತವರಿನ ನೆನಪಿರಬೇಕು. ಗಾಳಿ ತಾನಾಗಿ ಬಂದು ಸೇರಿಕೊಂಡಿದೆ.

ಇನ್ನು ಮುಂದಿನದು ಕರೆಂಟಿನ ಕಾಲ. ಬೆಂಗಳೂರಿನಲ್ಲೇ ಎಲೆಕ್ಟ್ರಿಕ್ ಬೈಕು ಕಟ್ಟುವ ಹೊಸ ಕಂಪನಿಗಳು ಹುಟ್ಟಿವೆ; ಸ್ವತಂತ್ರ ಹೆಸರುಗಳ ಕಾಲ ಮುಗಿಯಿತೆಂದು ಅವನ್ನು ನೋಡಿದರೆ ಅನಿಸುವುದಿಲ್ಲ. ಆ ಬೈಕುಗಳಿಗೆ ಬೆಂಕಿಯಿಲ್ಲ, ಟಿಕ್ ಟಿಕ್ ಇಲ್ಲ. ಆದರೆ ಕರೆಂಟು ಹರಿದಲ್ಲಿ ಬಿಸಿ ಹುಟ್ಟುತ್ತದೆ. ಎಲೆಕ್ಟ್ರಿಕ್ ಗಾಡಿಗಳ ಕಂಟ್ರೋಲರ್ ಪೆಟ್ಟಿಗೆಯ ಬೆನ್ನು ಬಗ್ಗಿ ನೋಡಿದರೆ ಅಲ್ಲಿ ಮತ್ತೆ ಸಾಲುಗಟ್ಟಿದ ಅಲ್ಯೂಮಿನಿಯಂ ರೆಕ್ಕೆ ಕಾಣುತ್ತದೆ. ಅಲಂಕಾರದ್ದಲ್ಲ, ದುಡಿಯುವ ರೆಕ್ಕೆ.

ಮುಂದಿನ ಸಲ ಹಳೇಬೀಡಿಗೆ ಹೋದರೆ, ಆನೆಗಳ ಸಾಲು ನೋಡಿ ಹೊರಬಂದ ಮೇಲೆ, ಗಾಡಿ ನಿಲ್ಲಿಸುವ ಜಾಗದಲ್ಲಿ ಹಳೆಯ ಬೈಕೊಂದು ಕಂಡರೆ ಅರೆಗಳಿಗೆ ನಿಲ್ಲಿ. ಆಗತಾನೇ ಬಂದು ನಿಂತದ್ದಾದರೆ ಮುಟ್ಟಬೇಡಿ, ಸುಡುತ್ತದೆ. ಕಿವಿ ಕೊಟ್ಟರೆ ಸಾಕು.