ಕಾವ್ಯದ ಕರ್ತೃ ಯಾರು?

ಬರೆದದ್ದು ಬರೆದವನದೋ, ಅವನಿಂದ ನುಡಿಸಿದ ದೈವದ್ದೋ ಎಂಬ ಪ್ರಶ್ನೆಗೆ ಕನ್ನಡ ಕವಿಗಳು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. 10ನೆಯ ಶತಮಾನದ ಪಂಪ ಜಿನಭಕ್ತನಾದರೂ ತನ್ನ ಕವಿತಾಶಕ್ತಿಯನ್ನು ಅಭಿಮಾನದಿಂದ ಹೇಳಿಕೊಂಡ; ತನ್ನ ಆಶ್ರಯದಾತ ಅರಸ ಅರಿಕೇಸರಿಯಿಂದ ಧರ್ಮಪುರದ ಅಗ್ರಹಾರ ಪಡೆದ. 12ನೆಯ ಶತಮಾನದ ಬಸವಣ್ಣ, ಅಕ್ಕಮಹಾದೇವಿ ಮೊದಲಾದವರು ವಚನಕ್ಕೆ ಇಷ್ಟದೈವದ ಅಂಕಿತವಿಟ್ಟು ತಮ್ಮ ಹೆಸರನ್ನು ಮರೆಗೆ ಸರಿಸಿದರು. ಹರಿಹರ ಅರಸರನ್ನು ಹೊಗಳದೆ ಶಿವಶರಣರನ್ನೇ ಹಾಡಿದ.

ಗದುಗಿನ ಕುಮಾರವ್ಯಾಸನಲ್ಲಿ ಎರಡೂ ನಿಲುವುಗಳು ಕೂಡಿವೆ. ತನ್ನ ಭಾರತಕ್ಕೆ ವೀರನಾರಾಯಣನೇ ಕವಿ, ತಾನು ಬರಿಯ ಲಿಪಿಕಾರ ಎನ್ನುತ್ತಾನೆ. ಅದೇ ಪೀಠಿಕೆಯಲ್ಲಿ, ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ, ಓಲೆಯ ಮೇಲೆ ಕಂಟದ (ಬರೆಯುವ ಕಡ್ಡಿಯ) ಸದ್ದು ನಿಲ್ಲದಂತೆ ಬರೆದ ಹೆಗ್ಗಳಿಕೆಯನ್ನೂ ಹೇಳುತ್ತಾನೆ. ಇವೆರಡಕ್ಕೂ ವಿರೋಧವಿಲ್ಲ. ಅಭ್ಯಾಸ, ಏಕಾಗ್ರತೆ, ಭಾಷೆಯ ಹಿಡಿತ ಕವಿಯ ದುಡಿಮೆಯಿಂದ ಬರುತ್ತವೆ. ತಕ್ಕ ಮಾತು ಹೊಳೆಯುವ ಗಳಿಗೆ ಮಾತ್ರ ಅವನ ಕೈಯಲ್ಲಿಲ್ಲ.

ಬರಹಗಾರನ ಕಷ್ಟವೂ ಸುಖವೂ ಇಲ್ಲೇ ಇವೆ. ಶ್ರಮವೆಲ್ಲ ಅವನದು, ಫಲದ ಭರವಸೆ ಇಲ್ಲ. ಕೃತಿಯನ್ನು ಅರ್ಪಣೆಯೆಂದು ಬಗೆದವನಿಗಾದರೋ ಹೊಗಳಿಕೆ ತೆಗಳಿಕೆಗಳ ಹಂಗು ತಪ್ಪುತ್ತದೆ, ಬರೆಯುವುದೇ ಪೂಜೆಯಾಗುತ್ತದೆ. ಲಿಪಿಕಾರನೆಂದು ಕರೆದುಕೊಂಡ ಕುಮಾರವ್ಯಾಸನ ಕಾವ್ಯವನ್ನು ಗಮಕಿಗಳು ಇಂದಿಗೂ ಹಾಡುತ್ತಿದ್ದಾರೆ.